ನೀಲಿಗೆ ತಿರುಗಿದ ಹೆಣ್ಣುಮೀನು

"ಯಜಮಾನ ಇಲ್ಲ!"

ನೀರಿನಿಂದ ತಲೆ ಎತ್ತಿ, ಬಾಯಿಯ ಗಾಳಿಕೊಳವೆ ಕಿತ್ತವಳೇ ಥೆಯಾ ಹೇಳಿದ ಮೊದಲ ಮಾತು ಅದು.

ದೋಣಿಯ ಅಂಚಿಗೆ ಬಾಗಿ ಕೂತಿದ್ದ ಸಾರ್ಜೆಂಟ್ ನೋರೀನ್ ಟಿಲ್ಯಾರ್ಡ್ ಬೇರೆ ಸುದ್ದಿಗೆ ಎದೆ ಗಟ್ಟಿ ಮಾಡಿಕೊಂಡಿದ್ದಳು. ಮುದಿ ಮೀನುಗಾರ ಕ್ಲೆಮ್ ಹ್ಯಾಲರನ್‌ನ ಖಾಲಿ ದೋಣಿ ಈ ಬಕೆಟ್ ಬಂಡೆಯ ಹತ್ತಿರ ತೇಲುತ್ತ ಸಿಕ್ಕಿ ಇವತ್ತಿಗೆ ಇಪ್ಪತ್ತೊಂಬತ್ತು ದಿನ. ಸರಕಾರಿ ಮುಳುಗುಗಾರರು ನಾಲ್ಕು ದಿನ ಹುಡುಕಿ, ಕೈಚೆಲ್ಲಿ, ಹೋಬಾರ್ಟಿಗೆ ಮರಳಿದ್ದರು. ಇನ್ನೊಂದೇ ಒಂದು ಸಲ ನೋಡಿಬಿಡು ಎಂದು ನೋರೀನಳೇ ಇವತ್ತು ಥೆಯಾಳನ್ನು ಕಾಡಿಸಿ ಕರೆತಂದಿದ್ದಳು.

"ನಾನು ಕೇಳಿದ್ದು ಕ್ಲೆಮ್ ಬಗ್ಗೆ ಕಣೇ."

"ಅವರದ್ದು ಒಂದು ಅಂಗಿ ಗುಂಡಿಯೂ ಸಿಗ್ಲಿಲ್ಲ. ಆದ್ರೆ ಯಜಮಾನನೂ ಇಲ್ಲ ಅಂತಿದೀನಲ್ಲ. ನನ್ನನ್ನ ಮೇಲಕ್ಕೆಳ್ಕೋ ಮೊದ್ಲು, ಚಳಿಗೆ ಹಲ್ಲು ಕಟಕಟ ಅಂತಿದೆ."

ಥೆಯಾ ಪಾಟ್ಸಿಯೋಸ್ ವಿಶ್ವವಿದ್ಯಾಲಯದವಳು. ಟಾಸ್ಮೇನಿಯದ ಈ ಕರಾವಳಿಯ ಬಂಡೆಬಂಡೆಗೂ ಇಳಿದು ಮೀನು ಎಣಿಸುವುದೇ ಅವಳ ಕೆಲಸ. ನೋರೀನ್ ಅವಳನ್ನು ದೋಣಿಗೆಳೆದು, ಹೆಗಲಿಗೆ ಕಂಬಳಿ ಹೊದಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದಳು. ಥೆಯಾ ಎರಡು ಗುಟುಕು ಕುಡಿದ ಮೇಲೇ ಅವಳ ತುಟಿಗೆ ಬಣ್ಣ ಬಂದದ್ದು.

"ಈಗ ಹೇಳು. ಯಾವ ಯಜಮಾನ?"

"ಅಯ್ಯೋ, ಕ್ಲೆಮ್ ಇಟ್ಟ ಹೆಸರು. ಈ ಬಂಡೆಯ ದೊಡ್ಡ ಗಂಡು. ನೀಲಿಗಂಟಲು."

ನೋರೀನ್ ಈ ಬಾರ್ನ್‌ಬೀ ಕೋವ್ ಊರಲ್ಲೇ ಹುಟ್ಟಿದವಳು. ರಾಸ್ ಜಾತಿಯ ಮೀನು ಅವಳಿಗೆ ಹೊಸತಲ್ಲ. ನೇರಳೆ ರಾಸ್, ನೀಲಿಗಂಟಲು ರಾಸ್, ಇವೆರಡನ್ನೂ ಜೀವಂತ ಹಿಡಿದು ತೊಟ್ಟಿಯಲ್ಲಿಟ್ಟು ಸಿಡ್ನಿಯ ಹೋಟೆಲುಗಳಿಗೆ ಕಳಿಸುವುದು ಕ್ಲೆಮ್‌ನ ಕಸುಬಾಗಿತ್ತು. ಬಾರ್ನ್‌ಬೀ ಕೋವ್‌ನಲ್ಲಿ ಆ ಪರವಾನಗಿ ಇದ್ದದ್ದು ಇಬ್ಬರಿಗೇ. ಕ್ಲೆಮ್, ಮತ್ತು ಅವನ ತಂಗಿಯ ಮಗ ಲೈಲ್ ಗ್ರೀನಿಂಗ್.

"ಹೋಗ್ಲಿ ಬಿಡು, ಯಾರಾದ್ರೂ ಹಿಡ್ದಿರ್ತಾರೆ," ಎಂದಳು ನೋರೀನ್.

"ಅದೇ ಪಾಯಿಂಟು. ಯಾರು? ಕ್ಲೆಮ್ ಇವನನ್ನ ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಬೋನಿಗೆ ಬಿದ್ರೆ ಎತ್ತಿ, ಬೈದು, ವಾಪಸ್ ಬಿಡ್ತಿದ್ರು. 'ಇವನಿಂದ ನನ್ನ ಒಲೆ ಉರೀತಿದೆ, ಇವನನ್ನ ಮಾರ್ತೀನಾ?' ಅಂತಿದ್ರು. ಹುಡುಕಾಟದ ನಾಲ್ಕನೇ ದಿನ, ಜೂನ್ ಹನ್ನೆರಡು, ನಾನೂ ಇಳಿದಿದ್ನಲ್ಲ? ಆವತ್ತು ಇಲ್ಲೇ ಇದ್ದ. ಏಡಿ ತಂದಿಲ್ವಾ ಅಂತ ನನ್ನ ಕೈಗವಸು ಕುಕ್ಕಿ ಕುಕ್ಕಿ ಕೇಳ್ದ. ಫೋಟೋನೂ ತೆಗ್ದಿದೀನಿ."

ಥೆಯಾ ಫೋನಿನಲ್ಲಿ ತೋರಿಸಿದಳು. ಕಡಲಕಳೆಯ ಕಂದು ಪರದೆಯ ಮುಂದೆ, ದಪ್ಪ ತುಟಿ ಮುಂದೆ ಚಾಚಿ, ಬೂದುನೀಲಿ ಮೈಯ ನಡುವೆ ಅಗಲ ಬಿಳಿ ಪಟ್ಟಿ ಸುತ್ತಿಕೊಂಡು ಒಂದು ಮೀನು ಕ್ಯಾಮೆರಾವನ್ನೇ ದಬಾಯಿಸುವಂತೆ ನೋಡುತ್ತಿತ್ತು. ಗದ್ದದ ಕೆಳಗೆ ಶಾಯಿ ಚೆಲ್ಲಿದಷ್ಟು ನೀಲಿ. ಬಾಲದ ಮೇಲ್ತುದಿಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ತುಂಡು ಹಾರಿಹೋಗಿತ್ತು.

"ಇವನು ಬೇರೆ ಬಂಡೆಗೆ ಹೋಗಿರಬಹುದಲ್ಲ?"

"ಇವರು ಹಾಗೆಲ್ಲ ಊರು ಬಿಡೋ ಪೈಕಿ ಅಲ್ಲ. ಇದು ಅವನ ಮನೆ. ಏಳೆಂಟು ಹೆಣ್ಣು, ಒಬ್ಬನೇ ಗಂಡು. ಇನ್ನೊಂದು ಗಂಡು ಹತ್ರ ಬಂದ್ರೆ ಅಟ್ಟಿಸ್ಕೊಂಡು ಹೋಗ್ತಾನೆ. ಅವನು ಇಲ್ಲವಾದ್ರೆ ಏನಾಗುತ್ತೆ ಗೊತ್ತಲ್ಲ?"

"ದೊಡ್ಡ ಹೆಣ್ಣು ಗಂಡಾಗುತ್ತೆ." ಈ ಊರಿನ ಮಕ್ಕಳಿಗೂ ಅದು ಗೊತ್ತು. ಅದನ್ನಿಟ್ಟುಕೊಂಡು ಹೆಂಡದಂಗಡಿಯಲ್ಲಿ ಗಂಡಸರನ್ನು ಗೇಲಿ ಮಾಡದ ಹೆಂಗಸರಿಲ್ಲ.

"ಆಗ್ತಾ ಇದೆ ನೋರೀನ್. ಕೆಳಗಡೆ ಈಗ ನೋಡ್ಬಂದೆ. ಗದ್ದ ಪೂರಾ ನೀಲಿ, ಹೊಟ್ಟೆಗೆ ಬಿಳಿ ಪಟ್ಟಿ ಮೂಡ್ತಾ ಇದೆ, ಕಂದು ಬಣ್ಣ ಅರ್ಧಕ್ಕರ್ಧ ಹೋಗಿದೆ. ಇದು ನಿನ್ನೆ ಮೊನ್ನೆಯ ಕೆಲಸ ಅಲ್ಲ. ನಾನು ನೋಡಿರೋ ಪ್ರಕಾರ ಮೂರು ವಾರ ಬೇಕೇ ಬೇಕು."

ನೋರೀನ್ ಬೆರಳು ಮಡಚಿದಳು. ಹನ್ನೆರಡರಂದು ಇದ್ದ. ಮೂರು ವಾರದ ಹಿಂದೆ ಇರಲಿಲ್ಲ. ಅಂದರೆ ಹುಡುಕಾಟ ನಿಂತ ಐದಾರು ದಿನದೊಳಗೆ ಯಾರೋ ಈ ಬಂಡೆಗೆ ಬಂದಿದ್ದಾರೆ. ಕ್ಲೆಮ್ ಕಾಣೆಯಾದ ಜಾಗಕ್ಕೇ ಬಂದಿದ್ದಾರೆ.

"ಇದೂ ಸಿಕ್ತು," ಎಂದು ಥೆಯಾ ಸೊಂಟದ ಚೀಲದಿಂದ ಏನೋ ತೆಗೆದಳು. ಅಂಗೈಯಷ್ಟು ಹಸಿರು ನೈಲಾನ್ ಬಲೆ. "ಬಂಡೆಯ ಸಂದಿಯಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಇಲ್ಲಿ ಬಲೆ ಹಾಕಂಗಿಲ್ಲ. ಬೋನು, ಗಾಳ, ಅಷ್ಟೇ. ನೋಡು, ಒಂದು ಬದಿ ಚಾಕುವಿನಿಂದ ಕುಯ್ದಿದೆ."

ಅದನ್ನು ತೆಗೆದುಕೊಂಡು ನೋರೀನ್ ಕರವಸ್ತ್ರದಲ್ಲಿ ಸುತ್ತಿದಳು. ಆಮೇಲೆ ಥೆಯಾಳ ನೆಂದ ತಲೆಯನ್ನು ಕಂಬಳಿಯ ತುದಿಯಿಂದಲೇ ಒರೆಸತೊಡಗಿದಳು.

"ಏಯ್, ನಾನೇನು ಮಗುವಾ?"

"ಸುಮ್ನಿರು. ನೀನು ಇವತ್ತು ಇಳಿದಿಲ್ದಿದ್ರೆ ಈ ಫೈಲು ನಾಳೆ ಮುಚ್ಚಿ ಹೋಗ್ತಿತ್ತು. ನಿನ್ನ ಉಪಕಾರ ಮರೆಯಲ್ಲ."

ಮೂವತ್ತಮೂರು ವರ್ಷದ ಹಿಂದೆ, ಹದಿನಾಲ್ಕರ ನೋರೀನಳನ್ನು ಇದೇ ಬಂಡೆಯ ಮೇಲಿಂದ ಅಲೆಯೊಂದು ಎಳೆದುಕೊಂಡು ಹೋಗಿತ್ತು. ದೋಣಿಯಲ್ಲಿದ್ದ ಕ್ಲೆಮ್ ಬೂಟು ಬಿಚ್ಚುವಷ್ಟೂ ತಡಮಾಡದೆ ಹಾರಿದ್ದ. ದಡಕ್ಕೆ ತಂದು ಮಗುಚಿ ಹಾಕಿ, ಬೆನ್ನು ಗುದ್ದಿ ನೀರು ಕಕ್ಕಿಸಿ, "ಹೊಸ ಬೂಟು ಕಣೇ ಇದು," ಎಂದು ಗೊಣಗಿ ಹೊರಟೇ ಹೋಗಿದ್ದ. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನು ಹವಾಮಾನ ಮಾತಾಡಿದ, ಅವಳೂ ಹವಾಮಾನ ಮಾತಾಡಿದಳು. ಕಳೆದ ತಿಂಗಳು ಊರ ಸಭಾಂಗಣದಲ್ಲಿ ಕ್ಲೆಮ್‌ನನ್ನು ನೆನೆಯಲು ಜನ ಸೇರಿದಾಗ ಒಬ್ಬೊಬ್ಬರೂ ಎದ್ದು ಅವನಿಂದಾದ ಉಪಕಾರ ಹೇಳಿದರು. ಹಸಿದ ವರ್ಷ ಬಾಗಿಲಿಗೆ ಮೀನು ಇಟ್ಟು ಹೋದದ್ದು, ಬಿರುಗಾಳಿಯಲ್ಲಿ ಛಾವಣಿ ಕಟ್ಟಿಕೊಟ್ಟದ್ದು. ನೋರೀನಳ ಸರದಿ ಬಂದಾಗ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಒಂದು ಥ್ಯಾಂಕ್ಸ್ ಹೇಳಲು ಮೂವತ್ತಮೂರು ವರ್ಷ ಸಾಲದಾಯಿತಲ್ಲ ಎಂದು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಿದ್ದಳು.

ಕ್ಲೆಮ್‌ನನ್ನು ಯಾರಾದರೂ ಮುಗಿಸಿದ್ದರೆ, ಅವರನ್ನು ಹಿಡಿಯದೆ ಅವಳಿಗೆ ನಿದ್ದೆಯಿಲ್ಲ.

*

ಲೈಲ್‌ನ ಮೀನುಕೊಟ್ಟಿಗೆ ಜೆಟ್ಟಿಯ ಕೊನೆಯಲ್ಲಿತ್ತು. ನೋರೀನ್ ಒಳಗೆ ಕಾಲಿಟ್ಟಾಗ ಒಂದೂವರೆ ಗಂಟೆ. ನೀರು ತಿರುಗಿಸುವ ಪಂಪಿನ ಗುಂಯ್ ಸದ್ದಿನ ನಡುವೆ ಲೈಲ್ ದೊಡ್ಡ ತೊಟ್ಟಿಯ ಮೇಲೆ ಬಾಗಿ ನಿಂತಿದ್ದ. ಮೂವತ್ತೊಂದು ವರ್ಷದ ಆಜಾನುಬಾಹು. ಕೈಯಲ್ಲಿ ಅರ್ಧ ತಿಂದ ಚಿಪ್ಪುಮೀನಿನ ಪೈ.

"ಬನ್ನಿ ಸಾರ್ಜೆಂಟ್. ಪೈ ಇನ್ನೊಂದಿದೆ, ತಿಂತೀರಾ? ಬುಧವಾರ ಅಲ್ವಾ, ಮೂರು ಗಂಟೆಗೆ ಲಾರಿ ಬರುತ್ತೆ, ಕೈಗೆ ಬಿಡುವಿಲ್ಲ."

"ನೀನು ತಿನ್ನಪ್ಪ. ಎರಡು ಮಾತು ಕೇಳಿ ಹೋಗ್ತೀನಿ. ಬಕೆಟ್ ಬಂಡೆ ಕಡೆ ಯಾವಾಗ ಹೋಗಿದ್ದೆ?"

"ಆವತ್ತೇ ಹೇಳಿದ್ನಲ್ಲ. ಈಸ್ಟರ್ ಆದ್ಮೇಲೆ ಆ ಕಡೆ ತಲೆ ಹಾಕಿಲ್ಲ. ಅದು ಮಾವನ ಜಾಗ. ಅಲ್ಲಿ ಹೋಗೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?"

ದನಿಯಲ್ಲಿ ದುಃಖ ಇತ್ತು. ಆದರೆ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿಬಂತು.

ನೋರೀನ್ ತೊಟ್ಟಿಗಳ ಸಾಲಿನಲ್ಲಿ ನಿಧಾನವಾಗಿ ನಡೆದಳು. ದೊಡ್ಡ ತೊಟ್ಟಿಗಳಲ್ಲಿ ನೇರಳೆ ರಾಸ್‌ಗಳು ಒಂದರ ಮೇಲೊಂದು ಒರಗಿ ಬಾಯಿ ತೆರೆದು ಮುಚ್ಚುತ್ತಿದ್ದವು. ಪ್ರಯಾಣದಲ್ಲಿ ನೀರು ಕೆಡದಿರಲೆಂದು ಇವಕ್ಕೆ ಎರಡು ದಿನ ಉಪವಾಸ. ನೆಲ ತೊಳೆದು ಚೊಕ್ಕಟವಾಗಿತ್ತು. ಬಾಗಿಲ ಬದಿಗೆ ಲೈಲ್‌ನ ಗಮ್‌ಬೂಟು. ಹಿಮ್ಮಡಿಗೆ ಮೆತ್ತಿದ್ದ ಕರಿ ಕೆಸರಿನಲ್ಲಿ ದುಂಡು ದುಂಡಾದ ಹಿಕ್ಕೆ ಅಂಟಿತ್ತು. ಕುರಿ ಹಿಕ್ಕೆ. ಜೆಟ್ಟಿಯಲ್ಲಿ ಕುರಿ ಎಲ್ಲಿಂದ ಬಂತು?

ಅವಳು ಅದನ್ನು ಮನಸ್ಸಿನ ಒಂದು ಮೂಲೆಗೆ ಇಟ್ಟುಕೊಂಡು ಮುಂದೆ ನಡೆದಳು.

ಕೊಟ್ಟಿಗೆಯ ಹಿಂಬದಿಯಲ್ಲಿ, ಬೋನುಗಳ ರಾಶಿಯ ಮರೆಗೆ ಒಂದು ಸಣ್ಣ ತೊಟ್ಟಿ. ಮೇಲೆ ಗೋಣಿ ಹೊದಿಸಿತ್ತು. ಅದರ ಕೆಳಗೆ ನೆಲದ ಮೇಲೆ ಆಗಷ್ಟೇ ಒಡೆದ ಪಚ್ಚಿಲೆ ಚಿಪ್ಪುಗಳು, ಒಂದು ಏಡಿಯ ಕಾಲು.

"ಇದಕ್ಕೆ ಉಪವಾಸ ಇಲ್ವಾ ಲೈಲ್?"

ಲೈಲ್‌ನ ಬಾಯಲ್ಲಿದ್ದ ಪೈ ಅಲ್ಲೇ ನಿಂತಿತು.

ನೋರೀನ್ ಗೋಣಿ ಸರಿಸಿದಳು. ಕೆಳಗಿನ ನೀರಿನಿಂದ ದಪ್ಪ ತುಟಿಯ ಮುಖವೊಂದು ಮೇಲೆ ಬಂದು ಅವಳನ್ನು ಒಂದು ಕಣ್ಣಿನಿಂದ, ಆಮೇಲೆ ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿತು. ನೀಲಿ ಗದ್ದ. ಬಿಳಿ ಪಟ್ಟಿ. ಬಾಲದ ಮೇಲ್ತುದಿಯಲ್ಲಿ ಹಾರಿಹೋದ ತುಂಡು.

ಅವಳು ಫೋನು ತೆಗೆದು, ಥೆಯಾ ಕಳಿಸಿದ್ದ ಫೋಟೋ ತೆರೆದು ತೊಟ್ಟಿಯ ಅಂಚಿನ ಮೇಲಿಟ್ಟಳು. ಫೋಟೋದಲ್ಲಿದ್ದವನೂ ನೀರಲ್ಲಿದ್ದವನೂ ಒಬ್ಬನೇ.

"ಇವನೆಲ್ಲಿ ಸಿಕ್ಕ?"

"ದಕ್ಷಿಣದ ಕಡೆ... ಗಾಳಕ್ಕೆ ಬಿದ್ದ."

"ಲೈಲ್."

"ಒಂದೇ ಥರ ಇರೋ ಮೀನು ಎಷ್ಟಿರಲ್ಲ ಸಾರ್ಜೆಂಟ್!"

"ಬಾಲ ಒಂದೇ ಥರ ಹರಿದಿರೋದು? ಈ ಫೋಟೋ ಜೂನ್ ಹನ್ನೆರಡರದ್ದು. ಇವನು ಹೋದ್ಮೇಲೆ ಅಲ್ಲಿನ ದೊಡ್ಡ ಹೆಣ್ಣು ಅರ್ಧ ಗಂಡಾಗಿದೆ. ಮೂರು ವಾರ ಬೇಕಂತೆ ಅದಕ್ಕೆ. ನಿಮ್ಮ ಮಾವ ಕಾಣೆಯಾಗಿ ಹತ್ತು ದಿನ ಕಳೆಯೋದ್ರೊಳಗೆ ನೀನು ಆ ಬಂಡೆಗೆ ಹೋಗಿದೀಯ. ಹೋಗಿಲ್ಲ ಅಂತ ನಂಗೆ ಎರಡು ಸಲ ಹೇಳಿದೀಯ. ಅವರು ಹೋದ್ರೆ ಪರವಾನಗಿ ನಿಂಗೆ ಬರುತ್ತೆ. ನಾನು ಏನು ತಿಳ್ಕೋಬೇಕು, ನೀನೇ ಹೇಳು."

"ಏನ್ ಬೇಕಾದ್ರೂ ತಿಳ್ಕೊಳ್ಳಿ."

"ತಿಳ್ಕೊಂಡ್ರೆ ನಿನ್ನ ಕೈಗೆ ಬೇಡಿ ಹಾಕ್ಬೇಕಾಗುತ್ತೆ."

"ಹಾಕಿ." ಅವನು ನಿಜವಾಗಿಯೂ ಎರಡು ಕೈ ಮುಂದೆ ಚಾಚಿದ. ಮೀನಿನ ಮುಳ್ಳು ಗೀರಿದ, ಉಪ್ಪುನೀರಿಗೆ ಸೀಳಿದ ಕೈಗಳು. ಕಣ್ಣು ಮತ್ತೆ ಗಡಿಯಾರದ ಕಡೆ.

ನೋರೀನ್ ಕರವಸ್ತ್ರ ಬಿಚ್ಚಿ ಹಸಿರು ಬಲೆಯ ತುಂಡನ್ನು ತೋರಿಸಿದಳು. "ಇದು ನಿನ್ನದಾ?"

ಅದನ್ನು ನೋಡಿದ್ದೇ ಲೈಲ್‌ನ ಮುಖ ಕೆಂಪೇರಿತು. ಹೆದರಿಕೆಗಲ್ಲ, ಕೋಪಕ್ಕೆ. "ಥೂ! ಬಲೆ ಹಾಕೋ ನೀಚ ಅಲ್ಲ ನಾನು. ಸತ್ರೂ ಹಾಕಲ್ಲ."

ಈ ಮಾತು ಸುಳ್ಳಲ್ಲ ಎಂದು ನೋರೀನಳಿಗೆ ಅನ್ನಿಸಿತು. ಹಾಗಾದರೆ ಉಳಿದದ್ದು ಏಕೆ ಸುಳ್ಳು? ಇಪ್ಪತ್ತೆರಡು ವರ್ಷದ ಪೊಲೀಸು ಕೆಲಸ ಅವಳಿಗೆ ಕಲಿಸಿದ್ದು ಇಷ್ಟೇ. ಬಾಯಿ ಕಟ್ಟಿದವನನ್ನು ಗದರಬಾರದು. ಅವನಿಗೆ ಬೇಕಾದದ್ದರ ಮೇಲೆ ಕೈಯಿಡಬೇಕು.

"ಸರಿ. ಮಾತಾಡ್ಬೇಡ. ಈ ಮೀನು ಸಾಕ್ಷಿ. ಇದನ್ನ ತಗೊಂಡು ಹೋಗ್ತೀನಿ." ಅವಳು ಗೋಡೆಗೆ ಒರಗಿಸಿದ್ದ ಹಿಡಿಬಲೆಯನ್ನು ಎತ್ತಿಕೊಂಡಳು. "ಠಾಣೆಯಲ್ಲಿ ಒಂದು ಬಕೆಟ್ ಇದೆ."

"ಬಕೆಟ್ಟಾ? ಸತ್ತೋಗ್ತಾನೆ!"

"ಸತ್ರೆ ಐಸಲ್ಲಿಡ್ತೀವಿ."

ಅವಳು ಹಿಡಿಬಲೆಯನ್ನು ನೀರಿಗೆ ಇಳಿಸುವಷ್ಟರಲ್ಲಿ ಲೈಲ್ ನಡುವೆ ಬಂದು ತೊಟ್ಟಿಗೆ ಅಡ್ಡ ಬಿದ್ದ. ನೀರು ಚಿಮ್ಮಿ ಇಬ್ಬರ ಮೈಯೂ ನೆನೆಯಿತು.

"ಮುಟ್ಬೇಡಿ ನೋರೀನ್, ಕೈ ಮುಗೀತೀನಿ! ಇವನಿಗೇನಾದ್ರೂ ಆದ್ರೆ ಮಾವ ನನ್ನ ಸುಮ್ನೆ ಬಿಡಲ್ಲ!"

ಪಂಪು ಗುಂಯ್‌ಗುಡುತ್ತಿತ್ತು.

ನೋರೀನ್ ಹಿಡಿಬಲೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು.

"ಏನಂದೆ?"

"ಏನಿಲ್ಲ."

"ಬಿಡ್ತಿರ್ಲಿಲ್ಲ ಅಂತ ಹೇಳ್ಬೇಕಿತ್ತು ಲೈಲ್. ಸತ್ತೋರ ವಿಷಯ ಹಾಗೆ ಹೇಳ್ತಾರೆ. ಬಿಡಲ್ಲ ಅನ್ನೋದು ಬದುಕಿರೋರ ಮಾತು."

ಲೈಲ್ ಬಾಯಿ ತೆರೆದ, ಮುಚ್ಚಿದ. ಅವನ ಹಿಂದೆ ತೊಟ್ಟಿಯಲ್ಲಿದ್ದವನೂ ಅದನ್ನೇ ಮಾಡುತ್ತಿದ್ದ. ಬೇರೆ ಯಾವ ಹೊತ್ತಿನಲ್ಲಾದರೂ ನೋರೀನಳಿಗೆ ನಗು ಬರುತ್ತಿತ್ತು.

"ಬದುಕಿದಾರಾ?" ಎಂದಳು. ಗಂಟಲಿನಿಂದ ಬಂದದ್ದು ಪೊಲೀಸಿನ ದನಿಯಲ್ಲ.

ಅವನು ತಲೆ ತಗ್ಗಿಸಿದ. ಆಮೇಲೆ ಹೌದೆಂದು ಆಡಿಸಿದ.

ಹತ್ತಿರವಿದ್ದ ಮೀನಿನ ಪೆಟ್ಟಿಗೆಯ ಮೇಲೆ ನೋರೀನ್ ಕೂತುಬಿಟ್ಟಳು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣಿನಿಂದ ನೀರು ಇಳಿಯುತ್ತಿದೆ ಎಂದು ಗೊತ್ತಾಗಿದ್ದು ಅದು ತುಟಿಗೆ ಬಂದು ಉಪ್ಪೆನಿಸಿದಾಗ. ದೇವರೇ, ದೇವರೇ ಎಂದು ಒಳಗೊಳಗೇ ಅಂದುಕೊಂಡಳು. ಚರ್ಚಿಗೆ ಹೋಗಿ ಎಷ್ಟೋ ವರ್ಷವಾಗಿದ್ದವಳು ಆ ಮೀನುವಾಸನೆಯ ಕೊಟ್ಟಿಗೆಯಲ್ಲಿ ಕೂತು ಯಾರ್ಯಾರಿಗೋ ಕೈಮುಗಿದಳು. ಕಡಲಿಗೆ, ಥೆಯಾಳಿಗೆ, ಬಣ್ಣ ಬದಲಿಸಿದ ಆ ಹೆಣ್ಣುಮೀನಿಗೆ.

ಲೈಲ್ ಏನು ಮಾಡಬೇಕೆಂದು ತಿಳಿಯದೆ ಉಳಿದಿದ್ದ ಪೈಯನ್ನು ಕಾಗದದ ಸಮೇತ ಅವಳ ಕೈಗಿಟ್ಟ. ಅವಳು ತಿಂದಳು. ಬಿಸಿ ಆರಿತ್ತು. ಆದರೂ ಅಷ್ಟು ರುಚಿಯಾದದ್ದನ್ನು ಅವಳು ಆ ತಿಂಗಳಲ್ಲೇ ತಿಂದಿರಲಿಲ್ಲ.

"ಹೇಗೆ? ಎಲ್ಲ ಹೇಳು."

"ಆವತ್ತು ಬೆಳಿಗ್ಗೆ ಮಾವ ಬೋನು ಎತ್ತೋಕೆ ಹೋದಾಗ ಬಂಡೆ ಸುತ್ತ ಬಲೆ ಹಾಸಿತ್ತಂತೆ. ಉದ್ದಕ್ಕೆ. ಇದೇ ಹಸಿರು ಬಲೆ. ಇವರು ಚಾಕು ತೆಗೆದು ಕುಯ್ಯೋಕೆ ಶುರು ಮಾಡಿದ್ರು. ಹಿಂದಿನಿಂದ ಒಂದು ದೋಣಿ ಬಂತು. ತಿರುಗಿ ನೋಡೋದ್ರೊಳಗೆ ಹುಟ್ಟುಗೋಲಿನಿಂದ ತಲೆಗೆ ಒಂದೇಟು."

"ಯಾರು?"

"ಹೇಳಲ್ಲ. ನೋಡ್ಲಿಲ್ಲ ಅಂತಾರೆ. ನೋಡಿದಾರೆ ಅಂತ ನಂಗನ್ಸುತ್ತೆ. ನೀರಿಗೆ ಬಿದ್ದೋರನ್ನ ಕಡಲಕಳೆ ಹಿಡ್ಕೊಂಡಿತಂತೆ. ಆ ಕಳೆ ಒಳಗೇ ಮೂಗು ಮಾತ್ರ ಮೇಲಿಟ್ಟು, ಆ ದೋಣಿ ಹೋಗೋವರೆಗೂ ಇದ್ದು, ಆಮೇಲೆ ಹೇಗೋ ದಡ ಸೇರಿದಾರೆ. ನಂಗೆ ಸಿಕ್ಕಿದ್ದು ಐದನೇ ದಿನ. ಎರಡು ಪಕ್ಕೆಲುಬು ಮುರಿದಿತ್ತು. ಹಸೀ ಚಿಪ್ಪುಮೀನು ತಿಂದ್ಕೊಂಡು ಬದುಕಿದ್ರು. ಎಪ್ಪತ್ತೊಂದು ವಯಸ್ಸು ನೋರೀನ್!"

"ಇವನನ್ನ ಯಾಕೆ ತಂದೆ?" ಅವಳು ತೊಟ್ಟಿಯ ಕಡೆ ಗದ್ದ ಎತ್ತಿದಳು.

ಲೈಲ್ ನಾಚಿಕೊಂಡಂತೆ ಕುತ್ತಿಗೆ ಕೆರೆದ. "ನನ್ನ ನೋಡಿ ಮೊದಲು ಕೇಳಿದ್ದೇ ಅದು. 'ಬಲೆ ಮತ್ತೆ ಬೀಳುತ್ತೆ, ಮೊದ್ಲು ಯಜಮಾನನನ್ನ ಎತ್ಕೊಂಡು ಬಾ' ಅಂತ. ಬೆಳಕು ಹರಿಯೋ ಹೊತ್ತಿಗೆ ಹೋಗಿ ಏಡಿ ತೋರಿಸ್ದೆ. ಗಾಳಾನೂ ಬೇಕಾಗ್ಲಿಲ್ಲ, ಹಿಡಿಬಲೆಗೆ ಅವನೇ ಬಂದ. ದಿನಾ ಪಚ್ಚಿಲೆ ಒಡೆದು ಹಾಕ್ತೀನಿ. ನನ್ನಪ್ಪ ಓಡಿಹೋದ ಮೇಲೆ ನಂಗೆ ಅನ್ನ ಹಾಕಿದ್ದು ಮಾವ. ಅವರ ಒಂದು ಮೀನನ್ನ ನೋಡ್ಕೊಳ್ಳೋಕಾಗಲ್ವಾ ನಂಗೆ?"

ನೋರೀನ್ ಎದ್ದು ಅವನ ಒದ್ದೆ ಭುಜದ ಮೇಲೆ ಕೈಯಿಟ್ಟಳು. ಹತ್ತು ನಿಮಿಷದ ಹಿಂದೆ ಇದೇ ಭುಜ ಹಿಡಿದು ಜೀಪಿಗೆ ನೂಕಲು ಬಂದಿದ್ದಳು.

"ಒಳ್ಳೇ ಕೆಲಸ ಮಾಡ್ದೆ ಕಣಪ್ಪ. ಆದ್ರೆ ನಂಗ್ಯಾಕೆ ಹೇಳ್ಲಿಲ್ಲ? ಊರೆಲ್ಲ ಅತ್ತಿತಲ್ಲೋ. ನಾನು..."

"ಯಾರಿಗೂ ಬೇಡ ಅಂದ್ರು. ಅದ್ರಲ್ಲೂ ನೋರೀನ್‌ಗೆ ಬೇಡವೇ ಬೇಡ ಅಂದ್ರು."

ಅದು ಎದೆಗೆ ನಾಟಿತು. "ನಂಗೇನು ಬೇಡ? ಯಾಕಂತೆ?"

"ಕೇಳ್ದೆ. ಹೇಳ್ಲಿಲ್ಲ. ರೇಡಿಯೋದಲ್ಲಂತೂ ನಮ್ಮದು ಮಾತೇ ಇಲ್ಲ ಸಾರ್ಜೆಂಟ್, ಬರೀ..."

ಕೊಟ್ಟಿಗೆಯ ಗೋಡೆಯಲ್ಲಿದ್ದ ರೇಡಿಯೋ ಸೆಟ್ಟು ಸದ್ದು ಮಾಡಿತು. ಟಕ್. ಟಕ್. ಮಾತಿಲ್ಲ. ಯಾರೋ ದೂರದಲ್ಲಿ ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿ ಬಿಟ್ಟ ಸದ್ದು.

ಗಡಿಯಾರದಲ್ಲಿ ಸರಿಯಾಗಿ ಎರಡು ಗಂಟೆ.

ಲೈಲ್ ರೇಡಿಯೋದ ಕಡೆ ಹೆಜ್ಜೆಯಿಟ್ಟ. ಅವನು ಮೂರು ಸಲ ಒತ್ತಬೇಕಿತ್ತೇನೋ, ಎಲ್ಲ ಕ್ಷೇಮ ಎಂದು. ಆದರೆ ನೋರೀನ್ ಅವನಿಗಿಂತ ಹತ್ತಿರವಿದ್ದಳು. ಮೈಕು ಅವಳ ಕೈಯಲ್ಲಿತ್ತು.

"ಬೇಡ, ಹೆಸ್ರು ಹೇಳ್ಬೇಡಿ..." ಎಂದ ಲೈಲ್.

"ಕ್ಲೆಮ್," ಎಂದುಬಿಟ್ಟಿದ್ದಳು ಅವಳು. "ಕ್ಲೆಮ್, ನಾನು ನೋರೀನ್."

ಬರೀ ಗರಗರ ಸದ್ದು. ಲೈಲ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಆಮೇಲೆ ದನಿ ಬಂತು. ಒರಟು, ಸಣ್ಣ, ಉಸಿರಿಗೆ ತಡವರಿಸುವ ದನಿ. ಆದರೆ ಅವನದೇ.

"ಲೈಲ್ ಎಲ್ಲಿ?"

"ಇಲ್ಲೇ ಇದಾನೆ, ಅವನನ್ನ ಬೈಬೇಡಿ. ಅವನೇನೂ ಹೇಳ್ಲಿಲ್ಲ. ನಿಮ್ಮ ಯಜಮಾನನ ಹೆಂಡ್ತಿ ಹೇಳಿದ್ಳು. ಗದ್ದ ನೀಲಿ ಮಾಡ್ಕೊಂಡಿದಾಳೆ."

ಒಂದು ಕ್ಷಣ ಅತ್ತಲಿಂದ ಏನೋ ಕೇಳಿಸಿತು. ಕೆಮ್ಮೋ ನಗುವೋ. ಆಮೇಲೆ, "ಪುಟ್ಟೀ, ಮೈಕು ಕೆಳಗಿಡು."

"ಇಡ್ತೀನಿ. ಮೂವತ್ತಮೂರು ವರ್ಷದಿಂದ ಒಂದು ಮಾತು ಉಳಿಸ್ಕೊಂಡಿದೀನಿ. ಹೇಳಿ ಇಡ್ತೀನಿ. ಆವತ್ತು ನೀವು ಹಾರದಿದ್ರೆ ನಾನು ಇಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳಿಲ್ಲ. ಹೋದ ವರ್ಷ ಹುಟ್ಟಿದ ಮೊಮ್ಮಗು ಇಲ್ಲ. ಆ ಕೂಸಿನ ಕೈ ಹಿಡಿದಾಗೆಲ್ಲ ನಿಮ್ಮ ನೆನಪಾಗುತ್ತೆ. ಥ್ಯಾಂಕ್ಸ್ ಕ್ಲೆಮ್. ಸಭಾಂಗಣದಲ್ಲಿ ಹೇಳೋಕಾಗ್ಲಿಲ್ಲ. ಈಗ ಹೇಳ್ತಿದೀನಿ. ನೀವು ಬದುಕಿದ್ದಕ್ಕೂ ಥ್ಯಾಂಕ್ಸ್."

ಗರಗರ. ಅಷ್ಟು ದೂರದಲ್ಲಿ ಒಬ್ಬ ಮುದುಕ ಉಸಿರಾಡುತ್ತಿರುವುದು ಕೇಳುತ್ತಿತ್ತು.

"ಆಯ್ತು," ಎಂದ ಕ್ಲೆಮ್ ಕೊನೆಗೆ. "ಕೇಳಿಸ್ತು. ಒಳ್ಳೇ ಮಗು ನೀನು." ಇನ್ನೊಂದು ಉಸಿರು. "ಯಜಮಾನ ತಿಂತಿದಾನಾ?"

"ಲೈಲ್ ಒಡೆದು ಒಡೆದು ಬಾಯಿಗಿಡ್ತಿದಾನೆ. ದಪ್ಪ ಆಗಿದಾನೆ." ಅವಳು ಅಳುತ್ತಲೇ ನಕ್ಕಳು. ಆ ಸಂತೋಷದಲ್ಲಿ, ಒಂದು ತಿಂಗಳ ಭಾರ ಒಮ್ಮೆಗೇ ಇಳಿದ ಆ ಹಗುರದಲ್ಲಿ, ಪತ್ತೇದಾರಿಕೆಯ ಸಣ್ಣ ಹೆಮ್ಮೆಯೂ ಸೇರಿಕೊಂಡು ಅವಳ ನಾಲಿಗೆ ತಾನಾಗಿ ಓಡಿತು. "ನಾನೀಗ್ಲೇ ಡಾಕ್ಟರನ್ನ ಕರ್ಕೊಂಡು ಬರ್ತೀನಿ. ಎಲ್ಲಿದೀರಿ ಅಂತ ನೀವು ಹೇಳೋದೇ ಬೇಡ. ಲೈಲ್ ಬೂಟಿಗೆ ಕುರಿ ಹಿಕ್ಕೆ ಅಂಟಿದೆ. ಈ ಸುತ್ತಿನಲ್ಲಿ ಕುರಿ ಇರೋದು ಬಕೆಟ್ ಬಂಡೆ ಎದುರಿನ ಟಾರೆನ್ ದ್ವೀಪದಲ್ಲೇ. ಉಣ್ಣೆ ಕತ್ತರಿಸೋ ಹಳೇ ಮನೆಯಲ್ಲಿ ಇದೀರಿ, ಅಲ್ವಾ?"

ಲೈಲ್ ಮೈಕಿಗೆ ಕೈ ಹಾಕಿದ. ತಡವಾಗಿತ್ತು.

ಕ್ಲೆಮ್‌ನ ದನಿ ಬದಲಾಯಿತು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಬರೀ ದಣಿವು.

"ಯಾಕೆ ಹೇಳ್ದೆ ಪುಟ್ಟೀ? ನಿನ್ನ ಮೇಲೆ ನಂಬಿಕೆ ಇಲ್ದೆ ಮುಚ್ಚಿಟ್ಟಿದ್ದಲ್ಲ. ನೀವು ನನ್ನ ಹುಡುಕಿದ ನಾಲ್ಕು ದಿನಾನೂ ನಾನು ಈ ದಡದ ಬಂಡೆ ಮರೆಯಿಂದ ನೋಡ್ತಾ ಇದ್ದೆ. ತೆವಳೋದು ಬಿಟ್ರೆ ಏಳೋಕಾಗ್ತಿರ್ಲಿಲ್ಲ, ಕೂಗೋಕಾಗ್ತಿರ್ಲಿಲ್ಲ, ಕಣ್ಣು ಮಾತ್ರ ಕಾಣ್ತಿತ್ತು. ನಿಮ್ಮ ದೋಣಿ ಎಲ್ಲಿಗೆ ಹೋಗ್ತಿತ್ತೋ ಅಲ್ಲಿಗೆ ನನ್ನ ಹೊಡೆದವನ ದೋಣಿ ಒಂದು ಗಂಟೆ ಮೊದಲೇ ಬಂದು ತಡಕಾಡಿ ಹೋಗಿರ್ತಿತ್ತು. ದಿನಾ. ನೀವು ಎಲ್ಲಿಗೆ ಹೊರಟ್ರಿ ಅಂತ ಅವನಿಗೆ ಮೊದಲೇ ಗೊತ್ತಾಗ್ತಿತ್ತು. ನೀನು ರೇಡಿಯೋದಲ್ಲಿ ಆಡೋ ಒಂದೊಂದು ಮಾತನ್ನೂ ಅವನು ಕೂತು ಕೇಳ್ತಾನೆ ನೋರೀನ್. ಅದಕ್ಕೇ ನಿಂಗೆ ಬೇಡ ಅಂದಿದ್ದು."

ಗುಂಡಿ ಬಿಟ್ಟ ಸದ್ದು. ಟಕ್.

ನೋರೀನಳ ಕೈಯಲ್ಲಿದ್ದ ಮೈಕು ಮಂಜುಗಡ್ಡೆಯಷ್ಟು ತಣ್ಣಗಾಗಿತ್ತು. ಅವಳು ಕಿಟಕಿಯಾಚೆ ನೋಡಿದಳು. ಜುಲೈ ತಿಂಗಳ ಬೂದು ಕಡಲು. ಅದರಾಚೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ದೂರದಲ್ಲಿ, ಟಾರೆನ್ ದ್ವೀಪದ ಬೆನ್ನು. ಲೈಲ್‌ನ ದೋಣಿಯಲ್ಲಿ ನಲವತ್ತು ನಿಮಿಷ.

"ಕ್ಲೆಮ್, ಅಲ್ಲಿಂದ ಹೊರಡಿ," ಎಂದಳು. "ಏಳೋಕಾದ್ರೆ ಈಗ್ಲೇ ಹೊರಡಿ. ಎಲ್ಲಿಗೆ ಅಂತ ಹೇಳ್ಬೇಡಿ. ನಾವು ಬರ್ತಿದೀವಿ."

ಉತ್ತರಕ್ಕೆ ಕಾದಳು. ಲೈಲ್ ಆಗಲೇ ಗಮ್‌ಬೂಟಿನೊಳಗೆ ಕಾಲು ತೂರಿಸುತ್ತಿದ್ದ.

ರೇಡಿಯೋ ಗರಗರಿಸಿತು. ಮಾತಾಡಿದ್ದು ಕ್ಲೆಮ್ ಅಲ್ಲ. ಅವಸರವಿಲ್ಲದ, ಮೆತ್ತನೆಯ, ಸುಸಂಸ್ಕೃತ ಗಂಡುದನಿ. ಎಷ್ಟೋ ಸಲ ಕೇಳಿದ್ದಳು ಅದನ್ನು, ಇದೇ ಊರಿನಲ್ಲಿ, ಎದುರುಬದುರು ನಿಂತು. ಮುಖ ಮಾತ್ರ ನೆನಪಿಗೆ ಬರಲೊಲ್ಲದು.

"ಥ್ಯಾಂಕ್ಸ್, ನೋರೀನ್," ಎಂದಿತು ಆ ದನಿ. "ಒಂದು ತಿಂಗಳಿಂದ ಹುಡುಕ್ತಾ ಇದ್ದೆ."

ಆ ಮಾತಿನ ಹಿಂದೆ ದೋಣಿಯ ಎಂಜಿನ್ನು ಆಗಲೇ ಓಡುತ್ತಿತ್ತು.